ನಾಲೆ ಏರಿ ಮೇಲೆ ಎದುರು ಗಾಡಿ

ದಾರಿ ಅಂದ ಮೇಲೆ ಎದುರು ಗಾಡಿ ಬರುತ್ತದೆ. ಬಂದರೆ ಒಂದಿಷ್ಟು ಜಗಳ, ಒಂದಿಷ್ಟು ನಗು. ನಾನು ಗಾಡಿ ಹೊಡೆದ ಅಷ್ಟು ವರ್ಷದಲ್ಲಿ ಸುಮ್ಮನೆ ಹೋಗಿ ಸುಮ್ಮನೆ ಬಂದ ದಿನ ಕಮ್ಮಿ.

ನಮ್ಮೂರು ಚಿನಕುರಳಿ ಹತ್ತಿರ. ಕಬ್ಬು, ಗೊಬ್ಬರ, ಹುಲ್ಲು, ಕಲ್ಲು, ಯಾರು ಏನು ಹೇಳಿದರೂ ಹೇರಿಕೊಂಡು ಹೋಗುತ್ತಿದ್ದೆ. ತೊಂಬತ್ತರ ಆ ಕಾಲದಲ್ಲಿ ಟ್ರಾಕ್ಟರು ಊರಿಗೆ ಎರಡೋ ಮೂರೋ. ಮಿಕ್ಕಿದ್ದೆಲ್ಲ ಎತ್ತಿನ ಗಾಡಿ. ದಾರಿಗೆ ಬರೆದಿಟ್ಟ ಕಾನೂನು ಇರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು. ಹೇರಿದ ಗಾಡಿಗೆ ಬರಿ ಗಾಡಿ ದಾರಿ ಬಿಡಬೇಕು. ದಿಣ್ಣೆಯಲ್ಲಿ ಮೇಲಿಂದ ಬರೋನು ಕೆಳಗಿರೋನನ್ನು ನೋಡಿಕೊಳ್ಳಬೇಕು. ಕೆಳಗಿರೋನಿಗೆ ಬೆನ್ನಲ್ಲಿ ಕಣ್ಣಿಲ್ಲ. ಬಸುರಿ, ಬಾಣಂತಿ ಕೂತ ಗಾಡಿಗೆ ಎಲ್ಲರೂ ಬಿಡಬೇಕು. ಎರಡೂ ಹೇರಿದ ಗಾಡಿ ಆದರೆ ಏನು ಮಾಡಬೇಕು, ಎರಡೂ ಬರಿ ಗಾಡಿ ಆದರೆ ಏನು ಮಾಡಬೇಕು, ಇದನ್ನು ಮಾತ್ರ ಹಿರಿಯರು ಹೇಳಿರಲಿಲ್ಲ. ಕಷ್ಟ ಅಲ್ಲೇ.

ಗುದ್ದಿದ ಮೇಲೂ ಒಂದು ಕ್ರಮ. ಮೊದಲು ಎತ್ತಿನ ಕಾಲು ನೋಡಬೇಕು. ಆಮೇಲೆ ಗಾಲಿ. ಆಮೇಲೆ ಬೈಗುಳ. ಕೊನೆಗೆ ಯಾವೂರು ಅಂತ ಕೇಳಬೇಕು. ನನ್ನ ಹೆಂಡತಿ ಇದನ್ನು ತಿರುಗಾಮುರುಗಾ ಮಾಡಿದ್ದಳು. ಮೊದಲೇ ಯಾವೂರು ಅಂತ ಕೇಳಿಬಿಡೋಳು. ನಮ್ಮ ಕಡೆ ನಾಲ್ಕು ಮಾತು ಆಡಿದರೆ ಯಾರಾದರೂ ನೆಂಟರೇ. ನೆಂಟರು ಅಂತ ಆದ ಮೇಲೆ ಬೈಯೋಕಾಗಲ್ಲ. ಬಾಯಿಗೆ ಬಂದ ಬೈಗುಳ ಎಷ್ಟೋ ಸಲ ಹಾಗೇ ಒಳಕ್ಕೆ ಹೋಗಿದೆ.

ಅವಳು ಈಗಿಲ್ಲ. ಹೋಗಿ ಮೂರು ವರ್ಷ. ಗಾಡಿಯೂ ಇಲ್ಲ. ಅವಳಿದ್ದಾಗ ನಡೆದ ಕೆಲವು ಸಂಗತಿ ಹೇಳುತ್ತೇನೆ.

೧. ಕಬ್ಬಿನೊಳಗಿನ ನೆಂಟ

ದಿಣ್ಣೆ ಬಂದರೆ ಅವಳು ಗಾಡಿ ಇಳಿದು ಹಿಂದೆ ನಡೆಯುತ್ತಿದ್ದಳು. ಎತ್ತಿಗೆ ಭಾರ ಅಂತ. ಹೇರಿದ ಕಬ್ಬು ಮನೆ ಎತ್ತರ ಇರುತ್ತಿತ್ತು. ನನಗೆ ಹಿಂದೆ ಏನೂ ಕಾಣುತ್ತಿರಲಿಲ್ಲ. ಹಿಂದಿನ ಕಣ್ಣು ಅವಳೇ.

ಒಂದು ಸಲ ದಿಣ್ಣೆ ಇಳಿಯುತ್ತಿದ್ದೆ. ಹಾಲಿನವನೊಬ್ಬ ಡೈರಿಗೆ ಹಾಲು ಹಾಕಿ, ಸೈಕಲ್ಲಿಗೆ ಎರಡು ಬರಿ ಕ್ಯಾನು ನೇತುಹಾಕಿಕೊಂಡು ಮೇಲಿಂದ ಬಂದ. ಬ್ರೇಕು ಇಲ್ಲ. ಅವಳು ಪಕ್ಕಕ್ಕೆ ಹಾರಿದಳು. ಅವನು ಕಬ್ಬಿಗೆ ತಲೆ ಕೊಟ್ಟ. ಸೊಂಟದವರೆಗೆ ಒಳಗೆ. ಸೈಕಲ್ಲು ಕೆಳಗೆ. ಎರಡು ಕಾಲು ಹೊರಗೆ.

ನಾನು ಗಾಡಿ ನಿಲ್ಲಿಸಿ ಎತ್ತಿನ ಕಾಲು ನೋಡಿದೆ. ಸರಿಯಾಗಿದ್ದವು. ಬೈಯೋಣ ಅಂತ ಹಿಂದಕ್ಕೆ ಬಂದೆ. ಅಷ್ಟರಲ್ಲಿ ಅವಳು ಶುರು ಮಾಡಿದ್ದಳು.

"ಯಾವೂರಪ್ಪ?"

ಒಳಗಿಂದ ನಾಗಮಂಗಲದ ಕಡೆಯ ಒಂದು ಊರಿನ ಹೆಸರು ಕೇಳಿಸಿತು.

"ಅಲ್ಲಿ ಕೆರೆ ಹಿಂದ್ಲ ಮನೆ ಗೌಡ್ರು ಗೊತ್ತಾ?"

"ನಮ್ ದೊಡ್ಡಪ್ಪ."

"ಅವ್ರ ಸೊಸೆ ನಮ್ ಚಿಕ್ಕವ್ವನ ಮಗಳು ಕಣಪ್ಪ. ಅಂಗಾದ್ರೆ ನೀನು ನಂಗೆ ಮೈದ್ನ ಆಗ್ಬೇಕು. ಅವ್ಳ ಎರಡ್ನೇ ಮಗಿಗೆ ಮುಡಿ ತಗಸಿದ್ರಾ?"

ಕಾಲು ಎರಡೂ ಒದ್ದಾಡಿದವು.

"ಅತ್ಗೆ, ಮೊದ್ಲು ಕಾಲಿಡಿದು ಎಳೀರಿ. ನೆಂಟಸ್ತನ ಈಚೆ ಬಂದ್ಮೇಲೆ ಬೆಳಸನ."

೨. ತೂಕವೋ ಎತ್ತರವೋ

ಅವಳ ತವರು ನಾಲೆ ಆಚೆ. ಎರಡು ಮೈಲಿ. ನಮ್ಮ ಹಿತ್ತಲಲ್ಲಿ ನಿಂತರೆ ಅವರ ಮನೆ ತೆಂಗಿನ ಮರ ಕಾಣುತ್ತಿತ್ತು. ಅವಳಿಗೆ ಅಪ್ಪ ಅವ್ವ ಇರಲಿಲ್ಲ. ತಮ್ಮ ಒಬ್ಬನೇ. ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ನನಗೆ ಬಾಮೈದ.

ನಾಲೆ ಏರಿ ಮೇಲೆ ತೂಬಿನ ಹತ್ತಿರ ದಾರಿ ಕಿರಿದು. ಒಂದು ಕಡೆ ನೀರು, ಒಂದು ಕಡೆ ಗದ್ದೆ. ಒಂದೇ ಗಾಡಿಗೆ ಜಾಗ. ಒಂದು ಬೆಳಿಗ್ಗೆ ಯಾರದೋ ಹೊಲಕ್ಕೆ ಗೊಬ್ಬರ ಹೇರಿಕೊಂಡು ಆ ಕಡೆ ಹೊರಟಿದ್ದೆ. ಎದುರಿಗೆ ಬಾಮೈದ ಹುಲ್ಲು ಹೇರಿಕೊಂಡು ಬಂದ. ತೂಬಿನ ಮೇಲೆ ಎತ್ತಿನ ಮೂತಿಗೆ ಎತ್ತಿನ ಮೂತಿ.

"ಬಾವ, ಒಸಿ ಹಿಂದಕ್ಕೆ ತಗಳಿ," ಅಂದ.

"ನಂದು ಭಾರದ ಗಾಡಿ ಕಣ್ಲಾ. ನೀನೇ ತಗೊ."

"ನಂದೇನು ಬರಿ ಗಾಡಿಯಾ?"

"ಹುಲ್ಲೂ ಒಂದು ಭಾರನೇನ್ಲಾ?"

"ಎತ್ರ ನೋಡಿ ಬಾವ. ಹಿಂದಕ್ಕೆ ತಗಂಡ್ರೆ ವಾಲ್ಬುಡ್ತದೆ."

"ನನ್ ಗೊಬ್ರದ ತೂಕ ನೋಡು ನೀನು."

ತೂಕ ದೊಡ್ಡದೋ ಎತ್ತರ ದೊಡ್ಡದೋ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು. ಒಬ್ಬಳು ಹುಲ್ಲಿನ ಪಕ್ಷ. ಮಿಕ್ಕವರು ಗೊಬ್ಬರದ ಪಕ್ಷ. ನಾನು ಸುಮ್ಮನಿದ್ದರೆ ಗೆಲ್ಲುತ್ತಿದ್ದೆ. ಆಡಬಾರದ ಒಂದು ಮಾತು ಆಡಿದೆ.

"ಹೆಣ್ಣು ಕೊಟ್ಟೋರು ತಗ್ಗಬೇಕು ಕಣ್ಲಾ."

ಅವನು ಗಾಡಿ ಮುಂದಿನ ಮೂಕಿ ಮರದ ಮೇಲೆ ಎದ್ದು ನಿಂತ.

"ಹೆಣ್ಣೂ ಕೊಟ್ಟು ದಾರೀನೂ ಕೊಡಬೇಕಾ?"

ಗದ್ದೆ ಪೂರ ಹುಲ್ಲಿನ ಪಕ್ಷ ಆಯಿತು.

ಬಿಸಿಲು ಏರಿತು. ಯಾರೂ ಜರುಗಲಿಲ್ಲ. ಕೊನೆಗೆ ನೀರು ಬಿಡೋ ನೀರಗಂಟಿ ಬಂದ. "ಸಾಹೇಬ್ರು ನಾಲೆ ನೋಡಕ್ಕೆ ಬತ್ತಾವ್ರೆ. ಏರಿ ಮ್ಯಾಲೆ ಯಾರ ಗಾಡಿ ಕಂಡ್ರೂ ಅವ್ರ ಗದ್ದೆಗೆ ನೀರಿಲ್ಲ," ಅಂದ. ಇಬ್ಬರೂ ಒಟ್ಟಿಗೆ ಎತ್ತು ಬಿಚ್ಚಿದೆವು. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಹೊರಟೆವು. ನಾಟಿ ಹೆಂಗಸರೇ ಬಂದು ಎರಡೂ ಗಾಡಿ ತಳ್ಳಿಸಿದರು. ಏರಿ ಖಾಲಿಯಾಯಿತು. ಸಾಹೇಬರು ಬರಲೂ ಇಲ್ಲ.

ಅವತ್ತಿಂದ ಅವನಿಗೂ ನನಗೂ ಮಾತಿಲ್ಲ. ನಾಲ್ಕು ವರ್ಷ. ಅವನು ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆಯೋಕೆ ಬರೋದು ನಿಲ್ಲಿಸಿದ. ಕರೆಯದೆ ಹೋಗು ಅಂತ ನಾನು ಹೇಳಲಿಲ್ಲ. ಕರೆಯದೆ ಹೋಗೋಕೆ ಅವಳಿಗೂ ಮನಸ್ಸಿಲ್ಲ.

"ನೀವಿಬ್ರೂ ಗಾಡಿ ವಾಪಸ್ ತಂದ್ರಿ. ನಾನು ಅಲ್ಲೇ ತೂಬಿನ ಮ್ಯಾಲೆ ಉಳ್ಕಂಡೆ," ಅಂದಿದ್ದಳು. ಒಂದೇ ಸಲ ಅಂದದ್ದು.

ಹಬ್ಬ ಹತ್ತಿರ ಬಂದರೆ ಹಿತ್ತಲಿಗೆ ಹೋಗಿ ನಿಲ್ಲೋಳು. ಏನು ನೋಡ್ತಾ ಇದ್ದೀಯ ಅಂದರೆ, "ಅವ್ರ ಮರ್ದಲ್ಲಿ ಕಾಯಿ ಎಷ್ಟು ಬಿಟ್ಟವೆ ಅಂತ ಎಣಿಸ್ತಾ ಇವ್ನಿ," ಅನ್ನೋಳು.

ಎರಡು ಮೈಲಿ ದೂರದ ಕಾಯಿ.

೩. ಒಂದೇ ಮಾತು

ಶ್ರೀರಂಗಪಟ್ಟಣಕ್ಕೆ ಹೊಳೆ ಸ್ನಾನಕ್ಕೆ ಹೋಗಿದ್ದೆವು. ಸ್ನಾನ ಮುಗಿಸಿ, ದೇವರು ನೋಡಿ, ಸ್ಟೇಷನ್ ಕಡೆ ನಡೆದು ಬರುತ್ತಿದ್ದೆವು. ಸಂದಿಯಿಂದ ಒಬ್ಬರು ಮೇಷ್ಟ್ರು ಮೊಪೆಡ್ಡಿನಲ್ಲಿ ಬಂದರು. ದೇವಸ್ಥಾನದವರ ಮನೆಯವರು. ಪಂಚೆ, ಹಣೆಯಲ್ಲಿ ನಾಮ. ನನ್ನ ಮಂಡಿಗೆ ಗುದ್ದಿದರು.

ನನಗೆ ಮೊದಲು ಎತ್ತಿನ ಕಾಲು ನೋಡಿ ಅಭ್ಯಾಸ. ಇಲ್ಲಿ ಎತ್ತಿಲ್ಲ. ನನ್ನ ಕಾಲೇ ನೋಡಿಕೊಂಡೆ. ಬೈಯೋಣ ಅಂತ ತಲೆ ಎತ್ತಿದೆ.

"ಸಾರಿ," ಅಂದರು. ಕೈ ಮುಗಿದರು. ಹೋದರು.

ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಹೀಗೆ ಮಾಡಿದರೆ ಜಗಳ ಮುಂದಕ್ಕೆ ಹೋಗೋದು ಹೇಗೆ.

ಹೆಂಡತಿಗೆ ಬಹಳ ಇಷ್ಟವಾಯಿತು. ರೈಲಿನಲ್ಲಿ ಪಾಂಡವಪುರದವರೆಗೂ ಅದೇ ಮಾತು.

"ನೋಡುದ್ರಾ. ಊರು ಕೇಳಂಗಿಲ್ಲ, ನೆಂಟರು ಹುಡುಕಂಗಿಲ್ಲ. ಒಂದೇ ಮಾತು. ಮುಗ್ದೋಯ್ತು. ನೀವೂ ಕಲ್ತ್ಕಳಿ."

"ನಂಗೆ ಬರಲ್ಲ."

"ಎಲ್ಲಿ, ಒಂದ್ಸಲ ಅನ್ನಿ."

"ರೈಲಲ್ಲಿ ಜನ ಅವ್ರೆ."

ಮನೆಗೆ ಬಂದ ಮೇಲೂ ಬಿಡಲಿಲ್ಲ. ಯಾರಿಗೆ ಹೇಳಲಿ ಅಂತ ಕಲಿಸುತ್ತಿದ್ದಾಳೆ, ನನಗೆ ಗೊತ್ತಿತ್ತು. ಕೊಟ್ಟಿಗೆಯಲ್ಲಿ ಕತ್ತಲೆ. ಎಡಕ್ಕೆ ಹೂಡೋ ಎತ್ತಿನ ಬಾಲ ತುಳಿದೆ. ಸಾರಿ ಕಣಪ್ಪ ಅಂದೆ. ಬಾಗಿಲಲ್ಲಿ ಅವಳು ನಿಂತಿದ್ದು ನೋಡಿರಲಿಲ್ಲ.

"ಬತ್ತದಲ್ಲ ಬಾಯಿಗೆ," ಅಂದಳು. "ಎತ್ತಿಗೆ ಏಳ್ತೀರಿ. ನನ್ ತಮ್ಮನಿಗೆ ಏಳಕ್ಕೆ ಏನು?"

"ಎತ್ತು ತಿರುಗಿ ಮಾತಾಡಲ್ಲ," ಅಂದೆ.

೪. ಸ್ಟಾಪು

ಅವಳ ಚಿಕ್ಕವ್ವ ಸಂತೆಬಾಚಹಳ್ಳಿಯಲ್ಲಿದ್ದರು. ಹುಷಾರಿಲ್ಲ ಅಂತ ಸುದ್ದಿ ಬಂತು. ಇವಳನ್ನು ಚಿನಕುರಳಿ ರಸ್ತೆಯ ಸ್ಟಾಪಿಗೆ ಬಿಡೋಕೆ ಗಾಡಿ ಕಟ್ಟಿದೆ. ರಸ್ತೆಯ ಎರಡೂ ಕಡೆ ಜಲ್ಲಿ ರಾಶಿ ಹಾಕಿದ್ದರು. ಗಾಡಿ ಪಕ್ಕಕ್ಕೆ ತೆಗೆಯೋಕೆ ಜಾಗವೇ ಇಲ್ಲ. ಹಿಂದಿನಿಂದ ಪೇಟೆ ಬಸ್ಸು ಬಂತು. ಒಂದು ಮೈಲಿ ಹಾರನ್ ಹೊಡೆದುಕೊಂಡೇ ಬಂತು. ಡ್ರೈವರು ಕಿಟಕಿಯಲ್ಲಿ ತಲೆ ಹಾಕಿ ನನ್ನ ವಂಶವನ್ನೆಲ್ಲ ವಿಚಾರಿಸಿದ.

ಸ್ಟಾಪಿನ ಹತ್ತಿರ ಜಾಗ ಸಿಕ್ಕಿತು. ಪಕ್ಕಕ್ಕೆ ತೆಗೆದೆ. ಬಸ್ಸು ಮುಂದಕ್ಕೆ ಹೋಯಿತು. ಇವಳು ಇಳಿದು ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು.

ಕಂಡಕ್ಟರು ಬಾಗಿಲಲ್ಲೇ ತಲೆ ಚಚ್ಚಿಕೊಂಡ.

"ಒಂದು ಮೈಲಿಯಿಂದ ನಿಮ್ ಹಿಂದೇನೆ ಬತ್ತಾ ಇದ್ದೀವಿ. ಅಲ್ಲೇ ಅತ್ಬಾರ್ದಾಗಿತ್ತೇನವ್ವ?"

"ಸ್ಟಾಪ್ ಬಿಟ್ಟು ಎಲ್ಲೂ ಅತ್ಸಲ್ಲ ಅಂತ ಓದ್ವಾರ ನೀವೇ ಬೈದಿದ್ರಿ ಕಣಪ್ಪ," ಅಂದಳು. ಹತ್ತಿದಳು.

ಎರಡು ದಿನ ಬಿಟ್ಟು ವಾಪಸ್ ಬಂದಳು. ಕಾಲು ತೊಳೆದುಕೊಂಡು ಜಗಲಿ ಮೇಲೆ ಕೂತಳು.

"ಅವತ್ತು ಬಸ್ಸಲ್ಲಿ ಅವ್ನು ಇದ್ದ," ಅಂದಳು.

"ಯಾರು?"

"ನನ್ ತಮ್ಮ. ನಾನು ಅತ್ತಿದ್ದು ನೋಡಿ ಎದ್ದು ಸೀಟು ಬುಟ್ಟ. ಏನ್ಲಾ ಅಂದೆ. ಮಾತಾಡ್ನಿಲ್ಲ. ಓಗಿ ಹಿಂದ್ಲ ಬಾಗ್ಲಲ್ಲಿ ನಿಂತ್ಕಂಡ. ಆಮೇಲೆ ಕಂಡಕ್ಟರ್ ಕೈಲಿ ಏಳಿಸ್ದ, ಆ ಹೆಣ್ಮಗಳ ಚೀಲ ಕಾಲಿಗೆ ತಾಗ್ತದೆ, ಮ್ಯಾಲೆ ಇಡಿ ಅಂತ."

ನಾನು ಚೊಂಬಲ್ಲಿ ನೀರು ತಂದು ಕೊಟ್ಟೆ.

"ಅವನಿಳಿಯೋ ಊರು ಬಂತು. ಇಳೀಲಿಲ್ಲ. ಇನ್ನೊಂದು ಊರು ಬಂತು. ಇಳೀಲಿಲ್ಲ. ಸಂತೆಬಾಚಳ್ಳೀಲಿ ನಾನಿಳಿದ್ಮೇಲೆ ಇಳಿದು ಹಿಂದಕ್ಕೆ ನಡ್ಕಂಡೋದ."

"ಅವ್ನ ಟಿಕೀಟು ಅಲ್ಲಿಗಂಟ ಇರ್ನಿಲ್ವಲ್ಲ. ಕಂಡಕ್ಟರ್ ಇಡೀಲಿಲ್ವಾ?"

"ಇಡ್ದ. ನಿದ್ದೆ ಬಂದ್ಬುಟ್ಟಿತ್ತು ಅಂದ ಇವ್ನು."

ಚೀಲ ಎತ್ತಿಕೊಂಡು ಎದ್ದಳು.

"ನಿಂತ್ಕಂಡು," ಅಂದಳು.

೫. ಮೇವಿಗೆ ಹೋದದ್ದು

ಗೌರಿ ಹಬ್ಬದ ಹಿಂದಿನ ದಿನ. ಆ ವರ್ಷ ಅವಳು ಹಿತ್ತಲಿಗೂ ಹೋಗಲಿಲ್ಲ. ನನಗೆ ಅದು ತಡೆಯೋಕಾಗಲಿಲ್ಲ. ಅವಳನ್ನು ತವರಿನ ಬಾಗಿಲಲ್ಲಿ ಇಳಿಸೋದು, ನಾನು ಒಳಗೆ ಹೋಗದೆ ಗಾಡಿ ತಿರುಗಿಸಿಕೊಂಡು ಬಂದುಬಿಡೋದು ಅಂತ ಮನಸ್ಸು ಮಾಡಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಸೋತ ಹಾಗೆ.

"ನಾಲೆ ಆಚೆ ಹೊಲದಿಂದ ಮೇವು ತರಣ ಬಾ," ಅಂದೆ. ಕುಡುಗೋಲು ಹಿಡಿದುಕೊಂಡು ಹತ್ತಿದಳು.

ತೂಬಿನ ಹತ್ತಿರ ಬಂದರೆ ಎದುರಿಗೆ ಬಾಮೈದನ ಗಾಡಿ. ಒಂದು ಮೂಲೆಯಲ್ಲಿ ಏನಕ್ಕೋ ಗೋಣಿ ಹೊದಿಸಿತ್ತು. ಅದು ಬಿಟ್ಟರೆ ಬರಿ ಗಾಡಿ. ನನ್ನದೂ ಬರಿ ಗಾಡಿ.

"ಎಲ್ಗ್ಲಾ ಒಂಟಿದ್ದೀಯ?" ಅಂದಳು ತಮ್ಮನಿಗೆ.

"ಪಾಂಡವಪುರಕ್ಕೆ. ಗೊಬ್ಬರ ತರಕ್ಕೆ." ಅವನು ನನ್ನ ಕಡೆ ನೋಡದೆ ಅವಳನ್ನೇ ಕೇಳಿದ. "ನೀನು?"

"ಮೇವಿಗೆ ಕಣ್ಲಾ."

ಅವನು ನೀರು ನೋಡಿದ. ನಾನು ಗದ್ದೆ ನೋಡಿದೆ. ನನ್ನ ಎತ್ತು ಅವನ ಎತ್ತಿನ ಮುಖ ನೆಕ್ಕತೊಡಗಿತು. ಅವಕ್ಕೆ ಏನೂ ಗೊತ್ತಿರಲಿಲ್ಲ. ಅವಳು ಇಳಿದು ಏರಿ ಮೇಲಿನ ಹುಲ್ಲು ಕೊಯ್ದಳು. ಒಂದು ಹೊರೆ ಆಯಿತು. ಎರಡು ಹೊರೆ ಆಯಿತು. ಇನ್ನು ಕೊಯ್ಯೋಕೆ ಹುಲ್ಲು ಉಳಿಯಲಿಲ್ಲ. ಆಗ ಬಂದು ಎರಡು ಗಾಡಿ ಮಧ್ಯೆ ನಿಂತಳು.

"ನಿಮ್ ಗಾಡಿ ನೀವು ಹಿಂದಕ್ಕೆ ತಗಳಲ್ಲ."

"ಇಲ್ಲ," ಅಂದೆ.

"ನಿನ್ ಗಾಡಿ ನೀನು ತಗಳಲ್ಲ."

"ಇಲ್ಲ ಕಣಕ್ಕ."

"ಸರಿ. ಅಂಗಾದ್ರೆ ಬಾವನ ಗಾಡಿ ನೀನು ಹಿಂದಕ್ಕೆ ತಳ್ಳು. ನೀವು ಅವ್ನ ಎತ್ತು ಇಡ್ಕಂಡು ಇಲ್ಲೇ ನಿಂತ್ಕಳಿ. ಅವ್ನ ಗಾಡಿ ಹಿಂದಕ್ಕೋಗಲ್ಲ. ನೀವು ಹಿಂದಕ್ಕೋಗಲ್ಲ. ಯಾರಿಗೇನು ಕಮ್ಮಿ?"

ನಾನು ಒಂದು ಕಡೆಯಿಂದ ಯೋಚನೆ ಮಾಡಿದೆ. ಅವನು ಇನ್ನೊಂದು ಕಡೆಯಿಂದ ಮಾಡಿದ. ತಪ್ಪು ಸಿಕ್ಕಲಿಲ್ಲ.

ನನ್ನ ಎತ್ತು ಬಿಚ್ಚಿ ಕಟ್ಟಿದೆ. ಹೋಗಿ ಅವನ ಎತ್ತಿನ ಹಗ್ಗ ಹಿಡಿದುಕೊಂಡೆ. ಅವನು ನನ್ನ ಗಾಡಿಯ ನೊಗ ಹಿಡಿದು ಹಿಂದಕ್ಕೆ ತಳ್ಳಿದ. ನನ್ನದು ಟೈರ್ ಗಾಡಿ. ಹಿಂಭಾರ ಜಾಸ್ತಿ. ತಳ್ಳುವಾಗ ನೊಗ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಮೂಕಿ ಮೇಲಕ್ಕೆ ಏಳುತ್ತದೆ. ಅದು ನನಗೆ ಗೊತ್ತಿತ್ತು. ಹೇಳಬೇಕು ಅಂದರೆ ಅವನ ಹತ್ತಿರ ಮಾತಾಡಬೇಕು.

ಹೇಳಲಿಲ್ಲ.

ನಾಲ್ಕು ಮಾರು ಹೋಗೋದರೊಳಗೆ ಒಂದು ಗಾಲಿ ಏರಿಯಿಂದ ಗದ್ದೆ ಕಡೆ ಜಾರಿತು. ಗಾಡಿ ಆ ಕಡೆ ವಾಲಿ ಹಿಂದಕ್ಕೆ ಕೂತಿತು. ಮೂಕಿ ಎದ್ದಿತು. ನೊಗ ಹಿಡಿದುಕೊಂಡಿದ್ದ ಬಾಮೈದ ಅದರ ಜೊತೆ ಮೇಲಕ್ಕೆ ಹೋದ. ಗದ್ದೆ ಮೇಲೆ, ಎರಡಾಳೆತ್ತರ, ನೇತಾಡುತ್ತಿದ್ದ.

ಕೆಳಗೆ ನೋಡಿದ. ನನ್ನನ್ನು ನೋಡಿದ. ನಾಲ್ಕು ವರ್ಷದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

"ಬಾವ. ಕೈ ಬುಡ್ಲಾ?"

"ಒಸಿ ತಾಳು," ಅಂದೆ. "ಅಲ್ಲಿ ನಾಟಿ ಹಾಕವ್ರೆ."

"ಯಾರ್ದು ಗದ್ದೆ?"

"ಪಟೇಲ್ರದ್ದು ಇರ್ಬೇಕು."

"ಪೈರು ಚೆನ್ನಾಗದೆ," ಅಂದ ಅಲ್ಲಿಂದಲೇ. ಕೈ ಜಾರಿತು.

ಮಂಡಿಯುದ್ದ ಕೆಸರು. ಕೂತ ಹಾಗೇ ಬಿದ್ದ. ಎಳೆಯೋಣ ಅಂತ ನಾನು ಇಳಿದೆ. ನಾನೂ ಬಿದ್ದೆ. ಏರಿ ಮೇಲೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಿದ್ದಳು. ನಿಲ್ಲೋಕಾಗದಷ್ಟು ನಗು. ಅವಳು ಹಾಗೆ ನಕ್ಕಿದ್ದನ್ನು ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಆಮೇಲೂ ಹಾಗೆ ನಗಲಿಲ್ಲ. ಈಗ ಕಣ್ಣು ಮುಚ್ಚಿದರೆ ಅವಳ ಮುಖ ಸರಿಯಾಗಿ ಬರೋದಿಲ್ಲ. ಆ ಸೆರಗು ಬರುತ್ತದೆ.

ಗಾಡಿ ಎತ್ತೋಕೆ ಹಗ್ಗ ಬೇಕಿತ್ತು. ತಮ್ಮನ ಗಾಡಿಯಲ್ಲಿ ಇರಬಹುದು ಅಂತ ಹೋಗಿ ಗೋಣಿ ಎತ್ತಿದಳು. ನಗು ನಿಂತಿತು. ಒಳಗೆ ಜೋಡಿ ಮೊರ. ಬಳೆ, ಅರಿಶಿನ, ಕುಂಕುಮ. ಒಂದು ಹೊಸ ಸೀರೆ. ಅಕ್ಕ ಕೂರೋಕೆ ಅಂತ ಮಡಚಿಟ್ಟ ಜಮಖಾನ.

"ಏನ್ಲಾ ಇದು? ಗೊಬ್ಬರ ತರಕ್ಕೆ ಬಾಗಿನ ತಗಂಡು ಒಂಟಿದ್ಯಾ?"

ಅವನು ಕೆಸರು ನೋಡಿಕೊಂಡು ಹೇಳಿದ. "ನಿನ್ನ ಕರ್ಕಂಡೋಗಕ್ಕೆ ಬತ್ತಿದ್ದೆ ಕಣಕ್ಕ."

ಅವಳು ನನ್ನ ಕಡೆ ತಿರುಗಿದಳು.

"ನೀವು? ನಾಲೆ ಆಚೆ ನಮಗೆ ಯಾವ ಹೊಲ ಅದೆ?"

ಇರಲಿಲ್ಲ. ಒಂದು ಗುಂಟೆಯೂ ಇರಲಿಲ್ಲ. ಅದು ಗಾಡಿ ಹತ್ತುವಾಗಲೇ ಅವಳಿಗೆ ಗೊತ್ತಿತ್ತು. ಕೇಳಿರಲಿಲ್ಲ.

"ನಿನ್ನ ಅಲ್ಲಿ ಬುಡಕ್ಕೆ ಬತ್ತಿದ್ದೆ," ಅಂದೆ.

ಅವನು ಕರೆದುಕೊಂಡು ಹೋಗೋಕೆ ಬಂದಿದ್ದ. ನಾನು ಬಿಡೋಕೆ ಹೊರಟಿದ್ದೆ. ಇಬ್ಬರೂ ಸೇರಿ ಅವಳನ್ನು ಮಧ್ಯದಲ್ಲಿ ನಿಲ್ಲಿಸಿ ಅರ್ಧ ದಿನ ಹುಲ್ಲು ಕೊಯ್ಸಿದ್ದೆವು.

"ಅಕ್ಕ, ನನ್ ಗಾಡಿ ಅತ್ತು," ಅಂದ ಅವನು.

"ತಾಳ್ಲಾ. ನನ್ ಗಾಡಿ ಎತ್ತಿ ನಾನೇ ಬುಡ್ತೀನಿ," ಅಂದೆ.

"ಕರಿಯಕ್ಕೆ ಬಂದೋನು ನಾನು."

"ಬುಡಕ್ಕೆ ಒಂಟೋನು ನಾನು."

ಅವಳು ಯಾರ ಕಡೆಯೂ ನೋಡಲಿಲ್ಲ. ಮೊರ ತಲೆ ಮೇಲೆ ಇಟ್ಟುಕೊಂಡಳು. ಸೀರೆ ಕಂಕುಳಲ್ಲಿ ಇಟ್ಟುಕೊಂಡಳು.

"ನಾನು ನಡ್ಕಂಡೋಯ್ತೀನಿ. ನೀವಿಬ್ರೂ ನಂಗೆ ದಾರಿ ಬುಡಿ," ಅಂದಳು.

ತವರಿನ ಕಡೆ ನಡೆದಳು. ಏರಿ ಅಲ್ಲಿ ನೆಟ್ಟಗೆ ಇತ್ತು. ಬಹಳ ದೂರದವರೆಗೆ ಕಾಣುತ್ತಿದ್ದಳು. ತಿರುಗಿ ನೋಡಲಿಲ್ಲ.

"ಅಕ್ಕ ಓಗ್ಬುಟ್ಳಲ್ಲ ಬಾವ," ಅಂದ.

"ಓದ್ಲು ಕಣ್ಲಾ," ಅಂದೆ.

ಏರಿ ಹತ್ತೋಕೆ ಕಾಲಿಡೋಷ್ಟು ಜಾಗ ಒಂದೇ ಕಡೆ ಇತ್ತು. ಒಬ್ಬರಾದ ಮೇಲೆ ಒಬ್ಬರು ಹತ್ತಬೇಕು.

"ನೀವು ಮೊದ್ಲು ಅತ್ತಿ ಬಾವ," ಅಂದ.

"ನೀನತ್ಲಾ," ಅಂದೆ.

"ಇಲ್ಲ ಬಾವ, ನೀವು."

"ನೀನೇ ಅತ್ತು."

ಬಹಳ ಹೊತ್ತು ಕೆಸರಲ್ಲೇ ನಿಂತಿದ್ದೆವು.